ನಗಿಸಲು ಬಂದವನ ಕೈಗಳು: ‘ಬ್ಯಾಬಿಲಾನ್ 5’ರ ವೀರ್ ಕೊಟೊ



ಹಾಸ್ಯಗಾರನನ್ನು ಗೌರವದಿಂದ ಕಾಣುವುದು ನಮ್ಮ ರಂಗಭೂಮಿಗೆ ಹೊಸದಲ್ಲ. ಯಕ್ಷಗಾನ ಮೇಳದಲ್ಲಿ ಹಾಸ್ಯಗಾರನಿಗೆ ಅವನದೇ ಸ್ಥಾನವಿದೆ. ರಾಜನ ಎದುರು ಬೇರೆಯವರು ಆಡಲಾಗದ ಮಾತನ್ನು ಅವನು ಆಡಬಲ್ಲ. ಇಂದು ನಾನು ಮಾತನಾಡಲು ಹೊರಟಿರುವ ಹಾಸ್ಯಗಾರ ಮಾತ್ರ ತೀರ ಬೇರೆ ಕಡೆಯವನು. ಅಮೆರಿಕದ ವೈಜ್ಞಾನಿಕ ಕಥಾ ಧಾರಾವಾಹಿ ‘ಬ್ಯಾಬಿಲಾನ್ 5’ರಲ್ಲಿ ಬರುವ ವೀರ್ ಕೊಟೊ ಎಂಬ ಅನ್ಯಗ್ರಹದ ಗುಮಾಸ್ತ. ಧಾರಾವಾಹಿ ಮುಗಿದು ಕಾಲು ಶತಮಾನ ಕಳೆದರೂ ನೋಡಿದವರು ಅವನನ್ನು ಮರೆತಿಲ್ಲ. ನಾಯಕರ, ಸೇನಾನಿಗಳ ಹೆಸರು ಹೇಳುವಾಗ ಇಲ್ಲದ ಒಂದು ಮಮತೆ ಅವನ ಹೆಸರು ಹೇಳುವಾಗ ಅವರ ದನಿಯಲ್ಲಿ ಬರುತ್ತದೆ. ಆ ಮಮತೆ ಎಲ್ಲಿಂದ ಬಂತು ಎಂಬುದೇ ಈ ಉಪನ್ಯಾಸದ ವಿಷಯ.

ಧಾರಾವಾಹಿಯನ್ನು ನೋಡದವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಇದರ ಕರ್ತೃ. 1993ರಲ್ಲಿ ಪೀಠಿಕೆಯಾಗಿ ಒಂದು ಚಿತ್ರ ಬಂತು. 1994ರಿಂದ 1998ರವರೆಗೆ ಐದು ಸರಣಿಗಳಲ್ಲಿ 110 ಕಂತುಗಳು ಬಂದವು. ಅವುಗಳಲ್ಲಿ 92ನ್ನು ಸ್ಟ್ರಾಝಿನ್ಸ್ಕಿ ಒಬ್ಬರೇ ಬರೆದರು; ಮೂರನೆಯ ಮತ್ತು ನಾಲ್ಕನೆಯ ಸರಣಿಗಳಂತೂ ಪೂರ್ತಿ ಅವರದೇ ಬರಹ. ಕಂತಿಗೊಂದು ಕಥೆ ಮುಗಿಸಿ ಮುಂದಿನ ವಾರ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುವುದು ಆಗಿನ ವಾಡಿಕೆ. ಇಲ್ಲಿ ಹಾಗಿರಲಿಲ್ಲ. ಐದು ವರ್ಷಗಳ ಕಥೆಯನ್ನು ಮೊದಲೇ ಯೋಚಿಸಿಟ್ಟಿದ್ದರು. 2258ನೆಯ ಇಸವಿ, ಬಾಹ್ಯಾಕಾಶದಲ್ಲಿ ಐದು ಮೈಲಿ ಉದ್ದದ ಒಂದು ನಿಲ್ದಾಣ, ಮನುಷ್ಯರೂ ಅನ್ಯಗ್ರಹದವರೂ ಸೇರಿ ಎರಡೂವರೆ ಲಕ್ಷ ಜನ. ಯುದ್ಧ ತಪ್ಪಿಸಲೆಂದು ಎಲ್ಲ ಕುಲಗಳ ರಾಯಭಾರಿಗಳೂ ಅಲ್ಲಿದ್ದಾರೆ.

ಅವರಲ್ಲೊಬ್ಬ ಸೆಂಟಾರಿ ಸಾಮ್ರಾಜ್ಯದ ಲಾಂಡೋ ಮೊಲ್ಲಾರಿ. ಹಳೆಯ ವೈಭವದ ಕನಸಿನಲ್ಲೇ ಬದುಕುವ, ಕುಡಿತ ಮತ್ತು ಜೂಜಿನ ಮನುಷ್ಯ. ಅವನ ಕೈಕೆಳಗೆ ಸಹಾಯಕನಾಗಿ ಬರುವವನೇ ವೀರ್. ಸೆಂಟಾರಿ ಗಂಡಸರು ತಲೆಗೂದಲನ್ನು ಬೀಸಣಿಗೆಯಂತೆ ಮೇಲಕ್ಕೆ ನಿಲ್ಲಿಸುತ್ತಾರೆ. ಅಂತಸ್ತು ಏರಿದಂತೆ ಕೂದಲೂ ಏರುತ್ತದೆ. ಲಾಂಡೋನದು ನವಿಲುಗರಿ ಬಿಚ್ಚಿದ ಹಾಗೆ. ವೀರ್‌ನದು ಗಿಡ್ಡ. ಅವನು ಬಾಯಿ ತೆರೆಯುವ ಮೊದಲೇ ಅವನ ಅಂತಸ್ತು ಏನೆಂದು ನಮಗೆ ತಿಳಿದುಬಿಡುತ್ತದೆ. ದುಂಡು ಮುಖ, ಗಾಬರಿಯ ಕಣ್ಣು, ಎಲ್ಲಿಡಬೇಕೆಂದು ತಿಳಿಯದೆ ಒಂದನ್ನೊಂದು ಹಿಡಿದುಕೊಳ್ಳುವ ಕೈಗಳು. ಮನೆಯವರಿಗೆ ಅವನೆಂದರೆ ನಾಚಿಕೆ. ಕಣ್ಣೆದುರಿನಿಂದ ದೂರವಿರಲಿ ಎಂದೇ ಅವನನ್ನು ಇಲ್ಲಿಗೆ ಸಾಗಹಾಕಿದ್ದಾರೆ. ಲಾಂಡೋ ಗದರುತ್ತಾನೆ, ಇವನು ತೊದಲುತ್ತಾನೆ, ನಾವು ನಗುತ್ತೇವೆ. ಮೊದಲ ಸರಣಿಯ ಬಹುಭಾಗ ಇಷ್ಟೇ.

ಆ ಪಾತ್ರಕ್ಕೆ ಸ್ಟೀಫನ್ ಫರ್ಸ್ಟ್ ಅವರನ್ನು ಆರಿಸಿದ್ದರಲ್ಲೇ ಒಂದು ಲೆಕ್ಕಾಚಾರವಿತ್ತೆಂದು ನನಗನ್ನಿಸುತ್ತದೆ. 1978ರ ‘ಅನಿಮಲ್ ಹೌಸ್’ ಸಿನಿಮಾದಲ್ಲಿ ಎಲ್ಲರ ಕೀಟಲೆಗೂ ಗುರಿಯಾಗುವ ದಡೂತಿ ಕಾಲೇಜು ಹುಡುಗನಾಗಿ ಅವರು ಅಮೆರಿಕದ ಮನೆಮನೆಗೂ ಗೊತ್ತಿದ್ದರು. ‘ಸೇಂಟ್ ಎಲ್ಸ್‌ವೇರ್’ ಎಂಬ ಆಸ್ಪತ್ರೆಯ ಧಾರಾವಾಹಿಯಲ್ಲಿ ವೈದ್ಯನಾಗಿ ನಟಿಸಿದ್ದರು. ಅವರ ಮುಖ ಕಂಡೊಡನೆ ನೋಡುಗರು ನಗಲು ಸಿದ್ಧರಾಗುತ್ತಿದ್ದರು. ಸ್ಟ್ರಾಝಿನ್ಸ್ಕಿ ಆ ನಗುವನ್ನು ಒಂದು ವರ್ಷ ಬೆಳೆಯಗೊಟ್ಟು ಆಮೇಲೆ ಅದರ ಮೇಲೆ ಭಾರ ಹೇರತೊಡಗಿದರು.

ಎರಡನೆಯ ಸರಣಿಯಲ್ಲಿ ಲಾಂಡೋ ಕತ್ತಲೆಯ ಶಕ್ತಿಗಳ ನೆರವು ಪಡೆದು, ತನ್ನ ಕುಲದ ಹಳೆಯ ಅಡಿಯಾಳುಗಳಾದ ನಾರ್ನ್ ಜನರ ನೆಲೆಯೊಂದರ ಮೇಲೆ ದಾಳಿ ಮಾಡಿಸಲು ಹೊರಡುತ್ತಾನೆ. ಆಗ ಬೇಡ ಎಂದು ಅಂಗಲಾಚುವವನು ವೀರ್ ಒಬ್ಬನೇ. ತನಗೆ ಬೇರೆ ದಾರಿಯಿಲ್ಲ ಎನ್ನುತ್ತಾನೆ ಲಾಂಡೋ. ದಾರಿ ಇದೆ ಎನ್ನುತ್ತಾನೆ ವೀರ್. ಮುಂದೊಂದು ದಿನ ನೆನಪು ಮಾಡಿಕೊಳ್ಳಿ, ನಾನಿಲ್ಲಿ ನಿಂತು ಬೇಡವೆಂದಿದ್ದೆ ಎಂದು ಹೇಳಿ, ಹೇಳಿದ ಮೇಲೂ ಆಜ್ಞೆಯನ್ನು ಪಾಲಿಸುತ್ತಾನೆ. ಈ ಕಂತು ‘ದ ಕಮಿಂಗ್ ಆಫ್ ಶ್ಯಾಡೋಸ್’; 1996ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆಯಿತು. ವೀರ್ ಇಲ್ಲಿ ಗೆಲ್ಲುವುದಿಲ್ಲ, ಸಿಡಿದೇಳುವುದೂ ಇಲ್ಲ. ಆದರೆ ಅಂದಿನಿಂದ ಅವನ ಮೇಲಿನ ನಮ್ಮ ನಗು ಮೊದಲಿನಷ್ಟು ಹಗುರವಾಗಿ ಉಳಿಯುವುದಿಲ್ಲ.

ಅದೇ ಸರಣಿಯ ಕೊನೆಯ ಭಾಗದಲ್ಲಿ ಲಿಫ್ಟ್‌ನ ಒಂದು ದೃಶ್ಯವಿದೆ. ಸೆಂಟಾರಿಗಳು ನಾರ್ನ್ ಗ್ರಹವನ್ನು ಬಾಂಬು ಹಾಕಿ ನೆಲಸಮ ಮಾಡಿ ಆಗಿದೆ. ನಾರ್ನ್ ರಾಯಭಾರಿಯಾಗಿದ್ದ ಜಕಾರ್ ಮತ್ತು ವೀರ್ ಇಬ್ಬರೇ ಲಿಫ್ಟ್‌ನಲ್ಲಿ ಎದುರಾಗುತ್ತಾರೆ. ನನ್ನಿಂದ ಏನಾದರೂ ಮಾಡಲಾಗುತ್ತಿದ್ದರೆ ಮಾಡುತ್ತಿದ್ದೆ, ಹೇಳಿನೋಡಿದೆ, ಅವರು ಕೇಳಲಿಲ್ಲ, ಕ್ಷಮಿಸಿ ಎಂದು ವೀರ್ ತಡವರಿಸುತ್ತಾನೆ. ಜಕಾರ್ ಚಾಕು ತೆಗೆದು ತನ್ನ ಅಂಗೈಯನ್ನೇ ಕೊಯ್ದುಕೊಳ್ಳುತ್ತಾನೆ. ಒಂದೊಂದು ಹನಿ ರಕ್ತ ನೆಲಕ್ಕೆ ಬಿದ್ದಾಗಲೂ ಸತ್ತವರನ್ನು ಎಣಿಸುತ್ತಾನೆ. ಇವರಲ್ಲಿ ಕ್ಷಮೆ ಕೇಳುವುದು ಹೇಗೆ ಎನ್ನುತ್ತಾನೆ. ನನ್ನಿಂದಾಗದು ಎಂದು ವೀರ್ ಹೇಳಿದಾಗ, ಹಾಗಾದರೆ ಕ್ಷಮಿಸಲು ನನ್ನಿಂದಲೂ ಆಗದು ಎಂಬ ಉತ್ತರ ಬರುತ್ತದೆ. ಜಕಾರ್ ಪಾತ್ರದ ಆಂಡ್ರಿಯಾಸ್ ಕ್ಯಾಟ್ಸುಲಸ್ ಅವರ ಗಂಭೀರ ಕಂಠದ ಎದುರು ಫರ್ಸ್ಟ್ ಮಾಡುವುದು ತೀರ ಸ್ವಲ್ಪ: ಮುಖ ತಿರುಗಿಸದೆ ನಿಲ್ಲುತ್ತಾರೆ, ಅಷ್ಟೆ. ಇಡೀ ಸಾಮ್ರಾಜ್ಯದಲ್ಲಿ ಕ್ಷಮೆ ಕೇಳಬೇಕೆಂದು ಅನ್ನಿಸಿದ್ದು ಈ ಗುಮಾಸ್ತನಿಗೆ, ಅದೂ ಸಿಗಲಿಲ್ಲ. ಬೇರಾವ ಧಾರಾವಾಹಿಯಾಗಿದ್ದರೂ ಇಲ್ಲಿ ಒಂದು ಅಪ್ಪುಗೆ ಇರುತ್ತಿತ್ತು. ಅದನ್ನು ಕೊಡದೆ ಇದ್ದುದರಿಂದಲೇ ಈ ದೃಶ್ಯವನ್ನು ಅಭಿಮಾನಿಗಳು ಎದೆಯಲ್ಲಿಟ್ಟುಕೊಂಡಿದ್ದಾರೆ.

ಇನ್ನು ಮಾರ್ಡೆನ್‌ನ ಪ್ರಸಂಗ. ಕತ್ತಲೆಯ ಶಕ್ತಿಗಳ ದಲ್ಲಾಳಿ ಅವನು. ನಸುನಗುತ್ತಾ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಾನೆ: ನಿನಗೇನು ಬೇಕು? ಲಾಂಡೋ ಈ ಪ್ರಶ್ನೆಗೆ ಉತ್ತರಿಸಿ ತನ್ನ ಕುಲವನ್ನೇ ಹಾಳುಮಾಡಿಕೊಂಡ. 1995ರ ಒಂದು ಕಂತಿನಲ್ಲಿ ಅದೇ ಪ್ರಶ್ನೆ ವೀರ್‌ಗೂ ಬರುತ್ತದೆ. ನಿನ್ನ ತಲೆ ಕಡಿದು ಈಟಿಯ ಮೇಲಿಡುವುದನ್ನು ನೋಡುವಷ್ಟು ಕಾಲ ಬದುಕಬೇಕು, ಆ ತಲೆಯ ಕೆಳಗೆ ನಿಂತು ಹೀಗೆ ಕೈಬೀಸಬೇಕು ಎಂದು ವೀರ್ ಬೆರಳುಗಳನ್ನು ಪುಟ್ಟ ಮಕ್ಕಳಿಗೆ ಟಾಟಾ ಮಾಡುವಂತೆ ಆಡಿಸಿ ತೋರಿಸುತ್ತಾನೆ. ಇದನ್ನು ಏರ್ಪಾಡು ಮಾಡಲಾದೀತೆ ಎಂದೂ ಕೇಳುತ್ತಾನೆ. ಅದು ಶೂರನ ಸವಾಲಿನ ದನಿಯಲ್ಲ. ಅದೇ ತೆಳು ದನಿ, ಅದೇ ಗಾಬರಿಯ ಕಣ್ಣು. ಗ್ರಹಗಳನ್ನಾಳುವವರು ಸೋತ ಪ್ರಶ್ನೆಗೆ ಸೋಲದ ಉತ್ತರ ಕೊಟ್ಟವನು ಇವನು.

ಈಗ ನಾಲ್ಕನೆಯ ಸರಣಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 1997ರ ‘ದ ಲಾಂಗ್ ನೈಟ್’ ಎಂಬ ಕಂತು. ಸೆಂಟಾರಿ ಸಿಂಹಾಸನದಲ್ಲಿ ಕಾರ್ಟಾಜಿಯಾ ಎಂಬ ಹುಚ್ಚು ಚಕ್ರವರ್ತಿ ಇದ್ದಾನೆ. ಅವನನ್ನು ವಿಷದ ಸೂಜಿಯಿಂದ ಚುಚ್ಚಿ ಕೊಲ್ಲಬೇಕೆಂದು ಲಾಂಡೋ ಸಂಚು ಹೂಡಿದ್ದಾನೆ. ಬಂಧಿಯಾಗಿರುವ ಜಕಾರ್ ಸರಪಳಿ ಹರಿದು ಗಲಿಬಿಲಿ ಎಬ್ಬಿಸುತ್ತಾನೆ. ಆ ಗಲಿಬಿಲಿಯಲ್ಲಿ ಚುಚ್ಚಬೇಕಾಗಿದ್ದವನು ಲಾಂಡೋ. ಆದರೆ ಕಾರ್ಟಾಜಿಯಾ ಲಾಂಡೋನ ಮೇಲೇ ಎರಗುತ್ತಾನೆ, ಸೂಜಿ ಕೈಜಾರಿ ಬೀಳುತ್ತದೆ. ಅದನ್ನೆತ್ತಿಕೊಂಡವನು ವೀರ್. ಮರುಗಳಿಗೆಯಲ್ಲಿ ಚಕ್ರವರ್ತಿ ಸತ್ತಿದ್ದಾನೆ. ಕೊಂದವನ ಮುಖದಲ್ಲಿ, ಸತ್ತವನಿಗಿಂತ ಹೆಚ್ಚಿನ ಬೆರಗು.

ಶೂದ್ರಕನ ‘ಮೃಚ್ಛಕಟಿಕ’ವನ್ನು ಓದಿದವರಿಗೆ ಇಲ್ಲೊಂದು ಪಾತ್ರ ನೆನಪಾಗಬೇಕು: ಚಾರುದತ್ತನ ಗೆಳೆಯ, ವಿದೂಷಕ ಮೈತ್ರೇಯ. ಗೆಳೆಯ ಬಡವನಾದ ಮೇಲೂ ಬಿಟ್ಟುಹೋಗದವನು. ನ್ಯಾಯಸಭೆಯಲ್ಲಿ ಗೆಳೆಯನ ಪರ ಮಾತನಾಡಲು ಬಂದು, ಆರೋಪ ಹೊರಿಸಿದ ಶಕಾರನ ಮೇಲೆ ಸಿಟ್ಟಾಗಿ ಕೈಮಿಲಾಯಿಸಿದಾಗ ಅವನ ಕಂಕುಳಿಂದ ನಾಯಕಿ ವಸಂತಸೇನೆಯ ಒಡವೆಗಳು ಜಾರಿ ಬೀಳುತ್ತವೆ. ಅದೇ ಚಾರುದತ್ತನ ವಿರುದ್ಧ ಸಾಕ್ಷಿಯಾಗುತ್ತದೆ. ವಿದೂಷಕನ ಎಡವಟ್ಟು ಕಥೆಯ ತಿರುವಾಗುವುದು ಅಷ್ಟು ಹಳೆಯ ಕಾಲದಿಂದ ಬಂದ ಜಾಣ್ಮೆ. ನಗಿಸಲೆಂದು ಇರುವವನ ಕೈಯಲ್ಲಿ ಏನಿದೆ ಎಂದು ಸಭೆಯೂ ನೋಡುವುದಿಲ್ಲ, ಪ್ರೇಕ್ಷಕರೂ ನೋಡುವುದಿಲ್ಲ. ಕಾರ್ಟಾಜಿಯಾನೂ ವೀರ್‌ನ ಕಡೆ ನೋಡಿರಲಿಲ್ಲ.

ಮೈತ್ರೇಯನ ಕಥೆಗೂ ಇದಕ್ಕೂ ವ್ಯತ್ಯಾಸ ಆಮೇಲಿನ ದೃಶ್ಯದಲ್ಲಿದೆ. ರಾಜ್ಯ ಉಳಿಯಿತು, ಆದರೆ ವೀರ್ ಕುಡಿದು ಕೂತು ಅಳುತ್ತಿದ್ದಾನೆ. ಒಂದು ಒಳ್ಳೆಯ ಕೆಲಸ, ಒಂದು ಸಣ್ಣ ಬಿರುದು, ತಾನು ಪ್ರೀತಿಸಬಹುದಾದ ಹೆಂಡತಿ. ತನಗೆ ಬೇಕಿದ್ದುದು ಇಷ್ಟೇ ಎನ್ನುತ್ತಾನೆ. ಲಾಂಡೋ ಪಕ್ಕದಲ್ಲಿ ಕೂರುತ್ತಾನೆ. ಈ ನೋವು ಹೋಗುತ್ತದೆಂದಾಗಲಿ, ಆ ಮುಖ ಮರೆತುಹೋಗುತ್ತದೆಂದಾಗಲಿ ಸುಳ್ಳು ಸಮಾಧಾನ ಹೇಳುವುದಿಲ್ಲ. ನಿನ್ನ ಮನಸ್ಸು ಒಳ್ಳೆಯದು, ಅದಕ್ಕೇ ಇಷ್ಟು ನೋಯುತ್ತಿದೆ, ಅದಕ್ಕಾಗಿ ನಿನ್ನನ್ನು ಕಂಡರೆ ನನಗೆ ಅಸೂಯೆ ಎನ್ನುತ್ತಾನೆ. ಮೂರು ವರ್ಷ ಗದರುತ್ತಲೇ ಬಂದ ಯಜಮಾನನ ಬಾಯಲ್ಲಿ ಈ ಮಾತು. ಲಾಂಡೋ ಪಾತ್ರದ ಪೀಟರ್ ಜುರಾಸಿಕ್ ಅದನ್ನು ದನಿಯೇರಿಸದೆ ಹೇಳುತ್ತಾರೆ. ಬಾಹ್ಯಾಕಾಶ ಯುದ್ಧಗಳಿಂದ ತುಂಬಿದ ಆ ಧಾರಾವಾಹಿಯಲ್ಲಿ ಇದಕ್ಕಿಂತ ದೊಡ್ಡ ದೃಶ್ಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬ ದುಷ್ಟನನ್ನು ಕೊಂದರೂ ಕೊಂದವನಿಗೆ ಅಳು ಬರುವುದನ್ನು ಟೀವಿ ನಮಗೆ ಎಷ್ಟು ಸಲ ತೋರಿಸಿದೆ?

ಮುಂದಿನ ಕಂತಿನಲ್ಲೇ ಮಾರ್ಡೆನ್‌ನ ಲೆಕ್ಕ ತೀರುತ್ತದೆ. ಅರಮನೆಯ ತೋಟದಲ್ಲಿ ನಿನಗೊಂದು ಉಡುಗೊರೆ ಇದೆ ಎಂದು ಲಾಂಡೋ ಹೇಳುತ್ತಾನೆ. ವೀರ್ ಹೋಗಿ ನೋಡಿದರೆ ಈಟಿಯ ಮೇಲೆ ಆ ತಲೆ. ಸುಮಾರು ಎರಡು ವರ್ಷ ಹಿಂದೆ ತೋರಿಸಿದ್ದ ಹಾಗೆಯೇ ಬೆರಳಾಡಿಸುತ್ತಾನೆ. ವಾರವಾರ ಕಾದು ನೋಡಿದ ಪ್ರೇಕ್ಷಕರಿಗೆ ಅದು ಎಂಥ ಗಳಿಗೆಯಾಗಿದ್ದಿರಬೇಕು! ಇಂದಿಗೂ ‘ಬ್ಯಾಬಿಲಾನ್ 5’ ನೋಡಿದ ಇಬ್ಬರ ನಡುವೆ ಆ ಬೆರಳಾಟವೊಂದೇ ಸಾಕು, ವಿವರಣೆ ಬೇಡ. ಆದರೆ ಆ ಕೈಬೀಸುವಿಕೆಯನ್ನು ಬರೀ ಸೇಡಿನ ಖುಷಿಯಾಗಿ ನೋಡುವವರ ಜತೆ ನನ್ನ ತಕರಾರಿದೆ. ಹಿಂದಿನ ಕಂತಿನಲ್ಲಿ ಸೂಜಿ ಹಿಡಿದದ್ದೂ ಅವನ ಕೈಯೇ. ನಗು ಮತ್ತು ಕೊಲೆ ಎರಡನ್ನೂ ಒಂದೇ ಕೈಗೆ ಕೊಟ್ಟ ಬರಹಗಾರ ನಮ್ಮ ನಗುವನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಿಲ್ಲ.

ಅಭಿಮಾನದಲ್ಲೂ ಬಗೆಗಳಿವೆ. ಇದೇ ಧಾರಾವಾಹಿಯಲ್ಲಿ ಝಥ್ರಾಸ್ ಎಂಬ ಇನ್ನೊಂದು ಹಾಸ್ಯಪಾತ್ರವಿದೆ. ಟಿಮ್ ಚೋಟ್ ಅದನ್ನು ಮಾಡಿದರು. ಬೆರಳೆಣಿಕೆಯ ಕಂತುಗಳಲ್ಲಿ ಬಂದರೂ, ತನ್ನನ್ನು ತಾನೇ ಹೆಸರು ಹಿಡಿದು ಕರೆದುಕೊಂಡು ಗೊಣಗುವ ಅವನ ಮಾತಿನ ಧಾಟಿಯನ್ನು ಅಭಿಮಾನಿಗಳು ಅನುಕರಿಸುತ್ತಲೇ ಇರುತ್ತಾರೆ. ಅದೂ ಪ್ರೀತಿಯೇ. ಇನ್ನೊಂದು ತುದಿಯಲ್ಲಿ 1965ರಿಂದ 1968ರವರೆಗಿನ ‘ಲಾಸ್ಟ್ ಇನ್ ಸ್ಪೇಸ್’ನ ಡಾಕ್ಟರ್ ಸ್ಮಿತ್ ಇದ್ದಾನೆ. ಖಳನಾಗಿ ಬಂದವನು ಜೊನಾಥನ್ ಹ್ಯಾರಿಸ್ ಅವರ ಕೈಯಲ್ಲಿ ನಗೆಯ ಬುಗ್ಗೆಯಾಗಿ, ಕೊನೆಗೆ ಇಡೀ ಧಾರಾವಾಹಿಯನ್ನೇ ತನ್ನ ಕಡೆ ಎಳೆದುಕೊಂಡ. ವೀರ್‌ನನ್ನು ಅನುಕರಿಸುವುದು ಕಷ್ಟ. ಅವನು ಕಥೆಯನ್ನು ಕಿತ್ತುಕೊಳ್ಳುವವನೂ ಅಲ್ಲ. ಅವನ ಬಗ್ಗೆ ಅಭಿಮಾನಿಗಳು ಮಾಡುವುದು ನೆನಪಿನ ಕೆಲಸ: ಯಾವ ಕಂತಿನಲ್ಲಿ ಅವನು ಏನು ಹೇಳಿದ್ದ, ಆಗ ಯಾರು ಕೇಳಲಿಲ್ಲ, ಆಮೇಲೆ ಏನಾಯಿತು. ಐದು ವರ್ಷ ಕೂಡಿ ಬಾಳಿದ ಮೇಲೆ ಹುಟ್ಟುವ ಪ್ರೀತಿ ಅದು. 110 ಕಂತುಗಳ ಒಂದೇ ಕಥೆ ಎಂಬ ರೂಪವಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ.

ಅವನು ಹೆದರಿಕೆಯನ್ನು ಕೊನೆಯವರೆಗೂ ಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಪುಕ್ಕಲನೊಬ್ಬ ಶೂರನಾದ ಎಂದು ಅವನ ಕಥೆಯನ್ನು ಸರಳ ಮಾಡಿದರೆ ಅನ್ಯಾಯವಾಗುತ್ತದೆ. ಮೂರನೆಯ ಸರಣಿಯಲ್ಲಿ ಅವನನ್ನು ಮಿನ್ಬಾರ್ ಗ್ರಹಕ್ಕೆ ಕಳಿಸಿದ್ದಾರೆ. ಅಲ್ಲಿ ಕೂತು ಅಬ್ರಹಾಮೊ ಲಿಂಕನಿ ಎಂಬ ಇಲ್ಲದ ಅಧಿಕಾರಿಯ ಹೆಸರಲ್ಲಿ ಕಾಗದಪತ್ರ ಸೃಷ್ಟಿಸಿ, ಎರಡು ಸಾವಿರ ನಾರ್ನ್ ಬಂಧಿಗಳನ್ನು ಸಾವಿನ ದವಡೆಯಿಂದ ಸಾಗಿಸುತ್ತಾನೆ. ಹೆಸರು ಕೇಳಿದರೆ ನಗು ಬರುತ್ತದೆ. ಗುಲಾಮಗಿರಿಯನ್ನು ಕೊನೆಗಾಣಿಸಿದ ಅಮೆರಿಕದ ಅಧ್ಯಕ್ಷರ ಹೆಸರನ್ನು ಹೀಗೆ ತಿರುಚಿಟ್ಟುಕೊಂಡ ಗುಮಾಸ್ತ, ಕತ್ತಿಯಿಂದ ಆಗದ್ದನ್ನು ಅರ್ಜಿ ನಮೂನೆಗಳಿಂದ ಮಾಡಿದ. ಸಿಕ್ಕಿಬಿದ್ದಾಗ ನಡುಗಿಯೂ ನಡುಗಿದ.

ಫರ್ಸ್ಟ್ ಈ ಧಾರಾವಾಹಿಯ ಮೂರು ಕಂತುಗಳನ್ನು ನಿರ್ದೇಶಿಸಿದರು ಕೂಡ. ಬಹುಕಾಲದ ಮಧುಮೇಹಿ, ತೂಕ ಇಳಿಸಿಕೊಂಡು, ಆ ಕಾಯಿಲೆಯ ಬಗ್ಗೆ ಜನರಿಗೆ ತಿಳಿಹೇಳುವ ಕೆಲಸದಲ್ಲೂ ತೊಡಗಿದ್ದರು. ಅದೇ ಕಾಯಿಲೆಯ ತೊಡಕುಗಳಿಂದ 2017ರ ಜೂನ್‌ನಲ್ಲಿ ತೀರಿಕೊಂಡರು. ಜಕಾರ್ ಆಗಿದ್ದ ಕ್ಯಾಟ್ಸುಲಸ್ 2006ರಲ್ಲೇ ಹೋಗಿದ್ದರು. ಲಿಫ್ಟ್‌ನ ಆ ದೃಶ್ಯದಲ್ಲಿದ್ದ ಇಬ್ಬರೂ ಈಗಿಲ್ಲ.

1998ರ ನವೆಂಬರ್‌ನಲ್ಲಿ ಪ್ರಸಾರವಾದ ಕೊನೆಯ ಕಂತು ಕಥೆಯ ಕಾಲದಲ್ಲಿ ಸುಮಾರು ಇಪ್ಪತ್ತು ವರ್ಷ ಮುಂದೆ ನಡೆಯುತ್ತದೆ. ಲಾಂಡೋ ತೀರಿಹೋಗಿದ್ದಾನೆ. ಇಬ್ಬರೂ ಚಕ್ರವರ್ತಿಗಳಾಗುವಿರಿ, ಒಬ್ಬನ ಸಾವಿನ ಬಳಿಕ ಇನ್ನೊಬ್ಬ ಎಂದು ಮೂರನೆಯ ಸರಣಿಯಲ್ಲಿ ಕಣಿ ಹೇಳಿದ್ದು ನಿಜವಾಗಿ, ವೀರ್ ಈಗ ಸಿಂಹಾಸನದಲ್ಲಿದ್ದಾನೆ. ಸಾವಿನ ಅಂಚಿನಲ್ಲಿರುವ ನಾಯಕ ಶೆರಿಡನ್ ಕರೆದ ಕೊನೆಯ ಊಟಕ್ಕೆ ಬರುತ್ತಾನೆ. ಹಳೆಯ ಗೆಳೆಯರೆಲ್ಲ ಸೇರಿರುವ ಆ ಮೇಜಿನಲ್ಲಿ ಅವನೊಂದು ಕಥೆ ಹೇಳುತ್ತಾನೆ. ಹೆಣ ತಿನ್ನುವವರೆಂದು ಎಲ್ಲರೂ ಹೇಸುವ ಪಾಕ್‌ಮಾರಾ ಕುಲದವರು ಒಮ್ಮೆ ಹಾಡುತ್ತಿದ್ದುದನ್ನು ತಾನೂ ಲಾಂಡೋನೂ ಕೇಳಿದ ಕಥೆ. ಆ ಹಾಡಿಗೆ ಲಾಂಡೋನ ಕಣ್ಣು ತುಂಬಿತ್ತಂತೆ. ನಮ್ಮ ನಲವತ್ತೊಂಬತ್ತು ದೇವರುಗಳಲ್ಲಿ ಯಾರನ್ನೂ ನಾನು ನಂಬಿರಲಿಲ್ಲ, ಒಬ್ಬನಾದರೂ ಇದ್ದರೆ ಅವನು ಈ ದನಿಯಲ್ಲೇ ಹಾಡುತ್ತಾನೆ ಎಂದನಂತೆ. ಒಂದು ಇಡೀ ಜನಾಂಗದ ನಾಶಕ್ಕೆ ಕಾರಣನಾದವನನ್ನು ಹೀಗೆ ನೆನೆಯುವ ಹಕ್ಕು ಆ ಮೇಜಿನಲ್ಲಿ ಯಾರಿಗಿತ್ತು? ಶೆರಿಡನ್‌ಗೆ ಇರಲಿಲ್ಲ. ಬೇಡ ಎಂದು ಎದುರಿಗೇ ಹೇಳಿ, ಆಮೇಲೂ ಜತೆಗಿದ್ದವನಿಗೆ ಇತ್ತು. ಸ್ಟ್ರಾಝಿನ್ಸ್ಕಿ ಲಾಂಡೋನ ಚರಮವಾಕ್ಯವನ್ನು ಅವನ ಗುಮಾಸ್ತನ ಬಾಯಿಗೇ ಕೊಟ್ಟರು.