ಏತದ ತುದಿಯ ಕಲ್ಲು

ಬಾವಿಕಟ್ಟೆಯ ರಾಟೆ ನೀರು ಸೇದುವವರ ಭಾರವನ್ನು ಎಷ್ಟು ಇಳಿಸುತ್ತದೆ? ಅರ್ಧ ಎನ್ನುವವರುಂಟು. ನಿಜ ಹೇಳಬೇಕೆಂದರೆ ಒಂದಿಷ್ಟೂ ಇಲ್ಲ. 2 ಕಿಲೋ ಕೊಡದಲ್ಲಿ 10 ಲೀಟರ್ ನೀರಿದ್ದರೆ ಹಗ್ಗವನ್ನು 12 ಕಿಲೋ ಭಾರಕ್ಕೆ ಸಮನಾಗಿಯೇ ಜಗ್ಗಬೇಕು. ಅಚ್ಚಿನ ತಿಕ್ಕಾಟ ಸೇರಿದರೆ ಇನ್ನೂ ತುಸು ಹೆಚ್ಚು. ರಾಟೆ ಬದಲಿಸುವುದು ದಿಕ್ಕನ್ನು ಮಾತ್ರ. ಬಗ್ಗಿ ಮೇಲಕ್ಕೆತ್ತುವ ಬದಲು ನೆಟ್ಟಗೆ ನಿಂತು ಕೆಳಕ್ಕೆ ಎಳೆಯಬಹುದು, ಮೈಭಾರವೂ ಜೊತೆಗೂಡುತ್ತದೆ. ಸೊಂಟಕ್ಕೆ ಅದೇ ದೊಡ್ಡ ಉಪಕಾರ.

ಎತ್ತುವ ಭಾರಕ್ಕೂ ಹಾಕುವ ಬಲಕ್ಕೂ ಇರುವ ಅನುಪಾತವೇ ಯಾಂತ್ರಿಕ ಲಾಭ. ಕಲ್ಲು ಮೀಟುವ ಹಾರೆಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಆನಿಕೆಯಿಂದ ಕಲ್ಲಿಗೆ ಅರ್ಧ ಅಡಿ, ಕೈಗೆ 5 ಅಡಿ ಇದ್ದರೆ ಲಾಭ ಹತ್ತು ಪಟ್ಟು. ಆದರೆ ಕಲ್ಲು ಒಂದಂಗುಲ ಏಳಬೇಕಾದರೆ ಕೈ ಹತ್ತಂಗುಲ ಇಳಿಯಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಲೇಬೇಕು.

ಹಾಗಾದರೆ ಏತದ ಲೆಕ್ಕವೇನು? ನೆಟ್ಟ ಕಂಬ, ಅದರ ಮೇಲೆ ಅಡ್ಡ ತೊಲೆ. ಬಾವಿಯ ಕಡೆಯ ಉದ್ದ ತೋಳಿಗೆ ಕೊಡ, ಹಿಂದಿನ ಗಿಡ್ಡ ತೋಳಿಗೆ ಕಲ್ಲು. ಈಜಿಪ್ಟಿನಲ್ಲಿ ಇದು ಶಾದೂಫ್. 3,000 ವರ್ಷಗಳಿಗೂ ಹಿಂದಿನ ಸಮಾಧಿಗಳ ಗೋಡೆಚಿತ್ರಗಳಲ್ಲಿಯೂ ಇದೆ. ಇಲ್ಲಿ ಹಾರೆಯ ಲೆಕ್ಕ ತಲೆಕೆಳಗು. ಕಲ್ಲು ಬಲದಲ್ಲಿ ಸೋಲುತ್ತದೆ, ಕೊಡ ಆಳದಲ್ಲಿ ಗೆಲ್ಲುತ್ತದೆ.

ಅದೇ ಕೊಡವನ್ನೇ ತೆಗೆದುಕೊಳ್ಳಿ, ತೊಲೆಯ ಸ್ವಂತ ತೂಕ ಸದ್ಯಕ್ಕೆ ಬೇಡ. ಕೊಡದ ತುದಿಯಲ್ಲಿ 7 ಕಿಲೋ ಭಾರವನ್ನು ತೂಗಿಸುವಷ್ಟು ಕಲ್ಲು ಕಟ್ಟಿ. ಗಿಡ್ಡ ತೋಳು ಅರ್ಧದಷ್ಟಿದ್ದರೆ ಆ ಕಲ್ಲು 14 ಕಿಲೋ ಇರಬೇಕು. ಖಾಲಿ ಕೊಡ ಇಳಿಸಲು 5 ಕಿಲೋದಷ್ಟು ಜಗ್ಗಬೇಕು; ತುಂಬಿದ ಕೊಡ ಎತ್ತಲೂ 5 ಕಿಲೋದಷ್ಟೇ ಸಾಕು. 12 ಕಿಲೋ ಒಮ್ಮೆಲೇ ಎತ್ತುವ ಸಂಕಟ ಎರಡು ಪಾಲಾಯಿತು. ನೀರಿನ 10 ಕಿಲೋ ಮಾತ್ರ ಎಲ್ಲಿಗೂ ಹೋಗಲಿಲ್ಲ. ಖಾಲಿ ಕೊಡ ಇಳಿಸುವಾಗಲೇ ಅದರಲ್ಲಿ ಅರ್ಧ ಕೆಲಸ ಕಲ್ಲಿನಲ್ಲಿ ಜಮೆಯಾಗಿರುತ್ತದೆ. ಕಲ್ಲು ಹೆಚ್ಚಾದರೆ ಇಳಿಸುವಾಗ ತೋಳು ಸೋಲುತ್ತದೆ, ಕಡಿಮೆಯಾದರೆ ಎತ್ತುವಾಗ. ಅದನ್ನು ಹೊಂದಿಸುವ ರೈತನಿಗೆ ಸೂತ್ರದ ಹಂಗಿರಲಿಲ್ಲ, ತೋಳೇ ಹೇಳುತ್ತಿತ್ತು.

ದಕ್ಷಿಣ ಭಾರತದ ದೊಡ್ಡ ಏತಗಳಲ್ಲಿ ಮನುಷ್ಯರೇ ಕಲ್ಲಿನ ಕೆಲಸ ಮಾಡಿದ್ದುಂಟು. ತೊಲೆಯ ಮೇಲೆ ಹಿಂದಕ್ಕೆ ನಡೆದರೆ ನೀರು ಏಳುತ್ತಿತ್ತು, ಮುಂದಕ್ಕೆ ಬಂದರೆ ಕೊಡ ಇಳಿಯುತ್ತಿತ್ತು. ತೋಳಿನ ದುಡಿಮೆ ಕಾಲಿಗೆ ಬಂತು. ಕಪಿಲೆ ಬಾವಿಯಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿದ್ದೂ ಇಂಥದೇ ಉಪಾಯ, ಮೈಭಾರವೂ ಹಗ್ಗ ಎಳೆಯಲಿ ಎಂದು. ಆದರೆ ಎತ್ತಿನ ಕಾಲಕೆಳಗೆ ನೆಲವಿತ್ತು. ಏತದವನ ಕಾಲಕೆಳಗೆ ಇದ್ದುದು ಏರಿಳಿಯುವ ಒಂದು ಮರ, ಅದರ ಮುಂದಿನ ತುದಿಯ ಕೆಳಗೆ ಬಾಯ್ದೆರೆದ ಬಾವಿ.