ನೆಲ ಅಳೆದವರು, ನೆಲವಿಲ್ಲದವರು

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಭೂಮಿಯನ್ನು ಅಳೆದು ಹಂಚಿದರೆ ಅನ್ಯಾಯ ತೀರಿತೆಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಪ್ರಾಚೀನ ರೋಮಿನ ಚರಿತ್ರೆ ಈ ನಂಬಿಕೆಯನ್ನು ಒರೆಗೆ ಹಚ್ಚುತ್ತದೆ. ಅಲ್ಲಿ ಅಳತೆಗೇನೂ ಕೊರತೆಯಿರಲಿಲ್ಲ.

ರೋಮನರ ಅಳತೆಯ ಸಲಕರಣೆಗೆ ಗ್ರೋಮಾ ಎಂದು ಹೆಸರು. ನೆಟ್ಟ ಕೋಲಿನ ತಲೆಯ ಮೇಲೆ ಅಡ್ಡಡ್ಡ ಎರಡು ಪಟ್ಟಿ, ನಾಲ್ಕು ತುದಿಗಳಿಂದ ಇಳಿಬಿಟ್ಟ ತೂಗುಗುಂಡು, ಇಷ್ಟೇ. ಇದರಿಂದ ಗೆರೆ ಹಿಡಿದು, ಗೆದ್ದ ನಾಡುಗಳನ್ನು ಚದುರಂಗದ ಮನೆಗಳಂತೆ ವಿಂಗಡಿಸಿದರು. ಒಂದು ಚೌಕದ ಬದಿ 2,400 ರೋಮನ್ ಅಡಿ. ವಿಸ್ತೀರ್ಣ ಸುಮಾರು 125 ಎಕರೆ.

ಅಳೆದವರು ಯಾರು? ಸ್ವತಂತ್ರರಿದ್ದರು, ಗುಲಾಮರಿದ್ದರು, ಬಿಡುಗಡೆ ಪಡೆದ ಗುಲಾಮರೂ ಇದ್ದರು, ಶಿಲಾಶಾಸನಗಳೇ ಸಾಕ್ಷಿ. ಆದರೆ ಕಾನೂನಿನ ಕಣ್ಣಿನಲ್ಲಿ ಗುಲಾಮನು ಗೇಣು ನೆಲಕ್ಕೂ ಒಡೆಯನಲ್ಲ. ಅವನೇ ಒಬ್ಬರ ಸೊತ್ತು. ವಾರೋ ಎಂಬ ಪಂಡಿತನು ಬೇಸಾಯದ ಉಪಕರಣಗಳನ್ನು ಮೂರು ಬಗೆ ಮಾಡಿದ: ಮೂಕವಾದದ್ದು ಗಾಡಿ, ಅರೆಮಾತಿನದು ಎತ್ತು, ಮಾತನಾಡುವುದು ಗುಲಾಮ!

ಫ್ರಾನ್ಸಿನ ಒರಾಂಜ್ ಪಟ್ಟಣದಲ್ಲಿ ಅಮೃತಶಿಲೆಯ ಭೂನಕ್ಷೆಗಳ ಚೂರುಗಳು ದೊರೆತಿವೆ. ಕ್ರಿ.ಶ. 77ರಲ್ಲಿ ವೆಸ್ಪಾಸಿಯನ್ ಚಕ್ರವರ್ತಿಯು ಮಾಡಿಸಿದ ದಾಖಲೆಯದು. ನಿವೃತ್ತ ಸೈನಿಕರಿಗೆ ಕೊಟ್ಟದ್ದೆಷ್ಟು, ಗೇಣಿಗೆ ಬಿಟ್ಟದ್ದೆಷ್ಟು, ಮೂಲ ನಿವಾಸಿಗಳಿಗೆ ಮರಳಿಸಿದ್ದೆಷ್ಟು, ಎಲ್ಲಕ್ಕೂ ಲೆಕ್ಕವಿದೆ. ಬೆವರು ಸುರಿಸಿದ ಗುಲಾಮನಿಗೆ ಮಾತ್ರ ಅದರಲ್ಲಿ ಕಾಲಂ ಇಲ್ಲ.

ಸುಧಾರಕರು ಇರಲಿಲ್ಲವೇ? ಇದ್ದರು. ಕ್ರಿ.ಪೂ. 133ರಲ್ಲಿ ತಿಬೇರಿಯಸ್ ಗ್ರಾಕಸ್ ಸಾರ್ವಜನಿಕ ಭೂಮಿಯ ಹಿಡುವಳಿಗೆ ಮಿತಿ ಹಾಕಿ, ಹೆಚ್ಚಿನದನ್ನು ಬಡ ಪ್ರಜೆಗಳಿಗೆ ಹಂಚುವ ಕಾನೂನು ತಂದ. ಅದೇ ವರ್ಷ ಸೆನೆಟಿನವರ ಗುಂಪು ಅವನನ್ನು ಬಡಿದು ಕೊಂದಿತು. ಅವನು ರಚಿಸಿದ ಮೂವರ ಮಂಡಳಿ ನೆಡಿಸಿದ ಗಡಿಕಲ್ಲುಗಳು ಇಟಲಿಯಲ್ಲಿ ಸಿಕ್ಕಿವೆ. ಪ್ರಾಣ ತೆತ್ತು ತಂದ ಆ ಕಾನೂನಿನಲ್ಲೂ ಗುಲಾಮನಿಗೆ ಪಾಲಿರಲಿಲ್ಲ.

ಉತ್ತರ ಇಟಲಿಯ ಇವ್ರೇಯಾದಲ್ಲಿ ಫೌಸ್ಟಸ್ ಎಂಬ ಅಳತೆಗಾರನ ಸಮಾಧಿಕಲ್ಲು ದೊರೆತಿದೆ. ಅದರ ಮೇಲೆ ಗ್ರೋಮಾ ಕೆತ್ತಿದೆ. ಅವನು ಬಿಡುಗಡೆ ಪಡೆದ ಗುಲಾಮ. ಅದೇ ಕಲ್ಲಿನಲ್ಲಿ ಜೆಪೈರಾ ಎಂಬ ಹೆಣ್ಣಿನ ಹೆಸರೂ ಇದೆ. ಆ ಮನೆಯಲ್ಲಿ ಗುಲಾಮಳಾಗಿದ್ದು ಬಿಡುಗಡೆ ಪಡೆದವಳು. ಸಂಕಲೆ ಕಳಚಿಕೊಂಡವನೇ ಇನ್ನೊಬ್ಬರಿಗೆ ಒಡೆಯನಾದ! ಅವನನ್ನು ದೂಷಿಸಿ ಫಲವಿಲ್ಲ. ಆ ವ್ಯವಸ್ಥೆಯು ಬಿಡುಗಡೆಯನ್ನೂ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಅಳೆದು ಕೊಡುತ್ತಿತ್ತು. ಒಬ್ಬನ ಬಿಡುಗಡೆ ಎಲ್ಲರ ಬಿಡುಗಡೆಯಲ್ಲ.

ಆದುದರಿಂದ ಭೂಮಿಯ ಹಂಚಿಕೆ ಕೇಳುವ ನಾವು, ಎಷ್ಟು ಎಕರೆ ಎಂಬ ಒಂದೇ ಪ್ರಶ್ನೆಗೆ ನಿಲ್ಲಬಾರದು. ಅಳತೆಯ ಸರಪಳಿ ಹಿಡಿದು ನಡೆದವನ ಹೆಸರು, ಉತ್ತು ಬೆಳೆದವನ ಹೆಸರು ಪಟ್ಟಿಯಲ್ಲಿದೆಯೇ ಎಂದೂ ಕೇಳೋಣ. ಇಲ್ಲವಾದರೆ ಆ ಅಳತೆ ಇನ್ನೂ ಮುಗಿದಿಲ್ಲವೆಂದೇ ತಿಳಿಯೋಣ.