ದಾಖಲೆಯೊಳಗಿನ ಹೆಸರು ಮತ್ತು ಮನಿಯೊಳಗಿನ ಹೆಸರು
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಭಾಷಣ ಮಾಡಿ ರೂಢಿ ಇಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಕೂರಿಗಿ ಹಿಡಿದವರು ನಾವು. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟಿಗೆ ಹಾಕಿಕೊಳ್ಳಬೇಕು. ಸಹಕಾರ ಚಳವಳಿ ನಮ್ಮ ಗದಗ ಸೀಮೆಗೆ ಹೊಸದಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿ ದಾರಿ ತೋರಿಸಿದರು. ಆ ಇತಿಹಾಸವನ್ನೂ ನಮ್ಮ ಸಂಘದ ಷೇರು, ಠೇವಣಿ, ಸಾಲದ ಲೆಕ್ಕವನ್ನೂ ಅಧ್ಯಕ್ಷರು ಆಗಲೇ ಹೇಳಿದ್ದಾರೆ. ನಾವು ಬೇರೆ ಒಂದು ಸಣ್ಣ ವಿಷಯ ಹೇಳುತ್ತೇವೆ. ಕೇಳಲಿಕ್ಕೆ ಸಣ್ಣದು, ಆದರೆ ಅದು ಒಂದು ಮನಿಯ ಅನ್ನದ ಪ್ರಶ್ನೆ.

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆ ಮಿಲಿಟರಿಗೆ ಹೋಗಿ ಬಂದವರು ಇದ್ದಾರೆ. ನರಗುಂದದ ಕಡೆ ಮಲಪ್ರಭಾ ಕಾಲುವೆ ಬಂತು. ರೋಣ, ಗಜೇಂದ್ರಗಡದ ಬಹಳಷ್ಟು ಹೊಲ ಇನ್ನೂ ಮಳೆಯನ್ನೇ ನಂಬಿವೆ. ಮಳೆ ಕೈಕೊಟ್ಟ ವರ್ಷ ಒಬ್ಬ ಮಗ ಹೊಲದಾಗ, ಒಬ್ಬ ಮಗ ಮಿಲಿಟರಿಯಾಗ ಎಂದು ಮನಿ ನಡೆಸಿದವರನ್ನು ನಾವು ಕಂಡಿದ್ದೇವೆ.

ಅಂಥ ಒಬ್ಬ ಹಿರಿಯರು ನಮ್ಮ ಸಂಘದ ಸದಸ್ಯರಾಗಿದ್ದರು. ಹೆಸರು ಹೇಳುವುದಿಲ್ಲ, ನಿಮಗೆ ಗೊತ್ತಾದರೂ ಆದೀತು. ಹದಿನೇಳು ವರ್ಷ ಸೇವೆ ಮಾಡಿ ಪಿಂಚಣಿ ಮೇಲೆ ಊರಿಗೆ ಬಂದವರು. ಸಿಪಾಯಿಗೆ ಪಿಂಚಣಿ ಬರಬೇಕಾದರೆ ಕನಿಷ್ಠ 15 ವರ್ಷ ಸೇವೆ ಆಗಿರಬೇಕು. ಅದು ಅವರಿಗೆ ಆಗಿತ್ತು, ತಿಂಗಳಾ ಪಿಂಚಣಿ ಬರುತ್ತಿತ್ತು, ಏನೂ ತಕರಾರು ಇರಲಿಲ್ಲ.

ಒಂದು ದಿನ ಅವರು ಡಿಸ್ಚಾರ್ಜ್ ಬುಕ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಂಘಕ್ಕೆ ಬಂದರು. "ಇದರಾಗ ನನ್ನ ಹೇಣ್ತಿ ಹೆಸರು ತಪ್ಪೈತಿ. ಆಕೀ ಹುಟ್ಟಿದ ತಾರೀಖೂ ಇಲ್ಲ. ತಿದ್ದಿಸಬೇಕು. ಈ ಎರಡೂ ಹೆಸರಿನಾಕಿ ಒಬ್ಬಾಕಿನ ಅಂತ ಸಂಘದಿಂದ ಒಂದು ಪತ್ರ ಕೊಡ್ರಿ" ಅಂದರು. ನಾವು ನಕ್ಕೆವು. "ಪಿಂಚಣಿ ಬರಾಕಹತ್ತೈತಿ, ಈ ವಯಸ್ಸಿನಾಗ ಯಾಕ ಓಡಾಡ್ತೀರಿ? ಇದು ಸಂಘದ ಕೆಲಸ ಅಲ್ಲ" ಎಂದು ಹೇಳಿ ಕಳಿಸಲಿಕ್ಕೆ ನೋಡಿದೆವು. ಅವರು ಎದ್ದು ಹೋಗಲಿಲ್ಲ. "ನಾ ಇರೋತನಕ ಈ ತಪ್ಪು ನಂದು. ನಾ ಹೋದಮ್ಯಾಲೆ ಆಕೀದು. ಆಕಿಗೆ ಓದಾಕ ಬರೂದಿಲ್ಲ" ಅಂದರು. ಆ ಮಾತಿಗೆ ನಮ್ಮ ಬಳಿ ಉತ್ತರ ಇರಲಿಲ್ಲ.

ಈ ತಪ್ಪು ಹೇಗೆ ಆಗುತ್ತದೆ ಎಂದು ಕೇಳಿದರೆ, ಅರ್ಧ ನಮ್ಮದೇ ಪದ್ಧತಿಯಿಂದ. ಹೆಣ್ಣುಮಗಳಿಗೆ ತವರಮನಿಯ ಹೆಸರು ಒಂದು, ಲಗ್ನದಾಗ ಗಂಡನ ಮನಿಯವರು ಇಡುವ ಹೆಸರು ಇನ್ನೊಂದು. ಕರೆಯುವಾಗ ಯಲ್ಲವ್ವ, ಮತದಾರರ ಯಾದಿಯಲ್ಲಿ ಯಲ್ಲಮ್ಮ. ಸಿಪಾಯಿ ರಜೆಯಲ್ಲಿ ಬಂದು ಲಗ್ನವಾಗಿ ತಿರುಗಿ ಹೋಗುತ್ತಾನೆ. ಪಲ್ಟಣದ ಗುಮಾಸ್ತ ಹೆಸರು ಕೇಳಿ ತನ್ನ ಕಿವಿಗೆ ಬಿದ್ದಂತೆ ಇಂಗ್ಲೀಷಿನಲ್ಲಿ ಬರೆಯುತ್ತಾನೆ. ಯಲ್ಲವ್ವ ಹೋಗಿ ಯಲವಾ ಆಗುತ್ತದೆ. ಲಗ್ನ ಆದದ್ದು, ಮಕ್ಕಳು ಹುಟ್ಟಿದ್ದು ಎಲ್ಲ ಪಾರ್ಟ್ ಟೂ ಆರ್ಡರ್ ಎಂಬ ಆದೇಶದಲ್ಲಿ ದಾಖಲಾಗಬೇಕು. ಆಗದಿದ್ದರೆ ಸರಕಾರದ ಕಣ್ಣಿಗೆ ಆ ಕೂಸು ಹುಟ್ಟೇ ಇಲ್ಲ. ಬಿಡುಗಡೆಯ ದಿನ ಊರಿನ ಗಾಡಿ ಹಿಡಿಯುವ ಅವಸರ, ತೋರಿಸಿದಲ್ಲಿ ಸಹಿ ಮಾಡಿ ಬರುತ್ತಾರೆ. ಜನ್ಮ ತಾರೀಖಿನದೂ ಅದೇ ಕಥೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದದ್ದೇ ಹುಟ್ಟಿದ ದಿನ. ಈ ಮಂಟಪದಲ್ಲಿ ಜೂನ್ 1ರಂದು ಹುಟ್ಟಿದವರು ಕೈ ಎತ್ತಿರಿ ಅಂದರೆ ಅರ್ಧ ಮಂದಿ ಎತ್ತೀರಿ!

ತಪ್ಪಿದ್ದರೆ ಏನಾಗುತ್ತದೆ? ಸೈನಿಕ ಇರುವತನಕ ಏನೂ ಆಗುವುದಿಲ್ಲ. ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಹೆಂಡತಿಗೆ ಬರಬೇಕು. ಪಿಂಚಣಿ ಆದೇಶದಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ, ಗಂಡ ಸತ್ತ ದುಃಖದೊಳಗೆ ಆ ತಾಯಿ "ನಾನೇ ಆಕಿ" ಎಂದು ಕಚೇರಿಗಳಿಗೆ ತಿರುಗಿ ಸಾಧಿಸಬೇಕು. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡಿಗೂ ದಾಖಲೆಯ ಹೆಸರೇ ಆಧಾರ. ಹುಟ್ಟಿದ ತಾರೀಖಿಗೂ ಬೆಲೆ ಉಂಟು. 80 ವರ್ಷ ತುಂಬಿದ ಪಿಂಚಣಿದಾರರಿಗೆ ಶೇಕಡಾ 20 ಹೆಚ್ಚು, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಅಷ್ಟಕ್ಕೆ ಅಷ್ಟು ಹೆಚ್ಚುವರಿ. ಇದು ಕುಟುಂಬ ಪಿಂಚಣಿಗೂ ಉಂಟು. ತಾರೀಖೇ ಇಲ್ಲದಿದ್ದರೆ ಆಕೆಗೆ 80 ತುಂಬಿದ್ದು ಯಾರಿಗೆ ತಿಳಿಯಬೇಕು?

ನಮ್ಮ ಹಿರಿಯರು ಸುಮ್ಮನೆ ಕೂಡಲಿಲ್ಲ. ಮೊದಲು ತಾವೇ ಅರ್ಜಿ ಬರೆದು ಅಂಚೆಗೆ ಹಾಕಿದರು. ಬಹಳ ತಿಂಗಳ ಮೇಲೆ, ಪ್ರಮಾಣ ಪತ್ರ ಸರಿಯಾಗಿಲ್ಲ ಎಂದು ವಾಪಸು ಬಂತು. ಮತ್ತೊಮ್ಮೆ ಕಳಿಸಿದರು, ಪತ್ರಿಕೆಯ ಜಾಹೀರಾತು ಎಲ್ಲಿ ಅಂದರು. ಕಡೆಗೆ ದಾರಿ ತಿಳಿದವರೊಬ್ಬರು ಹೇಳಿದಂತೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮುಖಾಂತರ ಕಳಿಸಿದರು. ಆ ದಾರಿ ಹೀಗಿದೆ, ಬೇಕಾದವರು ಬರೆದುಕೊಳ್ಳಿರಿ.

ಸೈನಿಕನ ದಾಖಲೆ ಇರುವುದು ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್ಫಂಟ್ರಿಯವರದು ನಮ್ಮ ಬೆಳಗಾವಿಯಲ್ಲೇ ಇದೆ. ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರು, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್, ತೋಪಖಾನೆಯವರದು ನಾಸಿಕ. ಅರ್ಜಿಯಲ್ಲಿ ಮೊದಲು ಆರ್ಮಿ ನಂಬರು ಬರೆಯಬೇಕು. ಹೆಸರು ಮರೆತರೂ ನಡೆದೀತು, ನಂಬರು ಮರೆಯಬಾರದು. ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ, ಆಧಾರ ಇವುಗಳ ನಕಲು, ಗಂಡ ಹೆಂಡತಿಯ ಜೋಡಿ ಫೋಟೋ, ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣ ಪತ್ರ, ಕೇಳಿದರೆ ಪತ್ರಿಕೆಯ ಜಾಹೀರಾತು ಇಡಬೇಕು. ರೆಕಾರ್ಡ್ ಆಫೀಸು ಒಪ್ಪಿದ ಮೇಲೆ ಕಾಗದ ಪ್ರಯಾಗರಾಜಕ್ಕೆ, ಅಂದರೆ ಮೊದಲಿನ ಅಲಹಾಬಾದಿಗೆ, ಸೈನ್ಯದ ಪಿಂಚಣಿ ಲೆಕ್ಕದ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಕೊರಿಜೆಂಡಮ್ ಎಂಬ ತಿದ್ದುಪಡಿ ಆದೇಶ ಬರಬೇಕು. ಅದು ಕೈಗೆ ಬಂದರೆ ಮಾತ್ರ ಕೆಲಸ ಮುಗಿಯಿತು. ಈಗ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಅದರಲ್ಲೂ ನಿಮ್ಮ ವಿವರ ನೋಡಿಕೊಳ್ಳಬಹುದು.

ಎಲ್ಲವೂ ತಿದ್ದುಪಡಿ ಆಗುತ್ತದೆ ಅನ್ನಲಿಕ್ಕೆ ಬರುವುದಿಲ್ಲ. ಅವರು ತಮ್ಮ ಸ್ವಂತ ಜನ್ಮ ತಾರೀಖನ್ನೂ ತಿದ್ದಲು ಕೇಳಿದ್ದರು. ಭರ್ತಿಯಾಗುವಾಗ ಬರೆಸಿದ್ದನ್ನು ಬಿಡುಗಡೆಯ ನಂತರ ಬದಲಿಸಲಾಗದು ಎಂದು ಉತ್ತರ ಬಂತು. ಅವರೂ ಒಪ್ಪಿಕೊಂಡರು. ತಡ ಮಾಡಿದರೆ ಇನ್ನೊಂದು ತೊಂದರೆ. ಪಿಂಚಣಿ ಇಲ್ಲದೆ ಬಂದವರ ಕಾಗದಗಳನ್ನು ನಿಯಮದಂತೆ 25 ವರ್ಷದ ನಂತರ ನಾಶ ಮಾಡುತ್ತಾರೆ. ಲಾಂಗ್ ರೋಲ್ ಎಂಬ ಪುಸ್ತಕದಲ್ಲಿ ನಾಲ್ಕು ಸಾಲು ಉಳಿದರೆ ಉಳಿಯಿತು. ನಮ್ಮ ಸಂಘಕ್ಕೆ ತುಂಬಿದ್ದೂ ಅಷ್ಟೇ ವರ್ಷ ನೋಡಿರಿ.

ಎರಡು ವರ್ಷದ ಮೇಲೆ ಅವರ ತಿದ್ದುಪಡಿ ಆದೇಶ ಬಂತು. ಅದನ್ನು ಹಿಡಿದು ಸಂಘಕ್ಕೆ ಬಂದು ನಮಗೆಲ್ಲ ಚಹಾ ಕುಡಿಸಿದರು. 2021ರಲ್ಲಿ ಕೊರೋನಾ ಕಾಲಕ್ಕೆ ಅವರು ತೀರಿಕೊಂಡರು. ಆ ತಾಯಿಗೆ ಕೆಲವೇ ತಿಂಗಳಲ್ಲಿ ಕುಟುಂಬ ಪಿಂಚಣಿ ಶುರುವಾಯಿತು. ಯಾರ ಮುಂದೆಯೂ ಕೈ ಒಡ್ಡಲಿಲ್ಲ. ಇಂದು ಅವರು ಮುಂದಿನ ಸಾಲಿನಲ್ಲೇ ಕುಂತಿದ್ದಾರೆ.

ಇನ್ನೊಂದು ಮಾತು, ನಾಚಿಕೆಯಿಂದಲೇ ಹೇಳುತ್ತೇವೆ. ಅವರು ಪತ್ರ ಕೇಳಿದ ದಿನ ನಾವು ಸಂಘದ ಷೇರು ಪುಸ್ತಕ ತೆಗೆದು ನೋಡಿದೆವು. ಅದರಲ್ಲಿ ಆ ತಾಯಿಯ ಹೆಸರು ಮೂರನೇ ತರಹ ಬರೆದಿತ್ತು! ಬರೆದವರು ದೂರದ ಗುಮಾಸ್ತರಲ್ಲ, ನಾವೇ. ದಿಲ್ಲಿಯವರನ್ನು ಬೈಯುವ ಮೊದಲು ನಮ್ಮ ಪುಸ್ತಕ ನಾವು ನೋಡಿಕೊಳ್ಳಬೇಕು ಎಂದು ಅಂದೇ ತಿಳಿಯಿತು. ಪಹಣಿಯಲ್ಲಿ ಒಂದು ಹೆಸರು, ಸಾಲದ ಖಾತೆಯಲ್ಲಿ ಒಂದು ಹೆಸರು ಇದ್ದರೆ ರೈತನ ಹೆಂಡತಿಗೂ ಅದೇ ಗತಿ.

ಆದ್ದರಿಂದ ಈ ಬೆಳ್ಳಿಹಬ್ಬದ ವರ್ಷ ಒಂದು ಕೆಲಸ ಮಾಡೋಣ. ಪ್ರತಿ ಸದಸ್ಯರೂ ಆಧಾರ, ಪಹಣಿ, ಪಾಸ್‌ಬುಕ್ ತಂದು ಸಂಘದ ಪುಸ್ತಕದ ಜೊತೆ ಹೆಸರು, ವಾರಸುದಾರರ ಹೆಸರು ತಾಳೆ ನೋಡಿಕೊಳ್ಳಿರಿ. ಮಾಜಿ ಸೈನಿಕರು ಡಿಸ್ಚಾರ್ಜ್ ಬುಕ್ಕು ತರಲಿ. ಅರ್ಜಿ ಬರೆಯಲು, ನಕಲು ತೆಗೆಸಲು ನಾವು ಕೂಡುತ್ತೇವೆ. ಇದು ಸಂಘದ ಕೆಲಸ ಅಲ್ಲ ಎಂದು ಇನ್ನು ಮುಂದೆ ಅನ್ನುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ತಪ್ಪನ್ನು ತಿದ್ದುವುದೂ ಹಾಗೆಯೇ, ಕೇಳುವ ಮನುಷ್ಯ ಇದ್ದಾಗಲೇ ಆಗಬೇಕು.

 ಜೈ ಜವಾನ್, ಜೈ ಕಿಸಾನ್.